ಒಂದು ಅಂಕದ ಪ್ರಶ್ನೆಯಾಗಿ ಉಳಿದ ಮಿಲ್ಲರ್

ಕೆಪಿಎಸ್‌ಸಿ ಗೈಡುಗಳಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರಿಗೆ ಸಿಗುವುದು ಒಂದೇ ಸಾಲು. ಮಿಲ್ಲರ್ ಸಮಿತಿ, 1918, ಹಿಂದುಳಿದ ವರ್ಗಗಳು. ಟಿಕ್ ಹಾಕಿ ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ನಮ್ಮ ಮೈಸೂರಿನಲ್ಲಿ ಶೇಷಾದ್ರಿ ಅಯ್ಯರ್ ಹೆಸರಿನ ರಸ್ತೆ ಇದೆ, ಕಾಂತರಾಜ ಅರಸರ ಹೆಸರಿನ ರಸ್ತೆ ಇದೆ, ವಿಶ್ವೇಶ್ವರಯ್ಯನವರ ಹೆಸರಂತೂ ಎಲ್ಲೆಲ್ಲೂ ಇದೆ. ಆದರೆ ಸಿಇಟಿ ಅರ್ಜಿಯಲ್ಲಿ 2ಎ, 3ಬಿ, ಜಿಎಂ ಎಂದು ತುಂಬುತ್ತೇವಲ್ಲ, ಆ ಕಲಮ್ಮಿನ ಬೇರು ಹುಡುಕುತ್ತಾ ಹೋದರೆ ಎದುರಾಗುವುದು ಈ ಬ್ರಿಟಿಷ್ ನ್ಯಾಯಾಧೀಶರು.

ಮಿಲ್ಲರ್ ಹುಟ್ಟಿದ್ದು 1862ರಲ್ಲಿ. ಐಸಿಎಸ್ ಸೇರಿ ಮದ್ರಾಸ್ ಪ್ರಾಂತ್ಯಕ್ಕೆ ಬಂದವರು, ನ್ಯಾಯಾಂಗದ ದಾರಿ ಹಿಡಿದು ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿಯಾದರು. ಆ ಕಾಲದ ಐಸಿಎಸ್ ಪರೀಕ್ಷೆ ನಡೆಯುತ್ತಿದ್ದುದು ಲಂಡನ್ನಿನಲ್ಲಿ ಮಾತ್ರ. ನಮ್ಮವರು ಬರೆಯಬೇಕೆಂದರೆ ಮೊದಲು ಹಡಗು ಹತ್ತಬೇಕು. ಜಗತ್ತಿನ ಕಠಿಣ ಪರೀಕ್ಷೆಗಳಲ್ಲಿ ಅದೂ ಒಂದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1914ರಲ್ಲಿ ಅವರಿಗೆ ಸರ್ ಪದವಿ ಬಂತು. ಅದೇ ವರ್ಷ ಮೈಸೂರು ಸಂಸ್ಥಾನದ ಚೀಫ್ ಕೋರ್ಟಿಗೆ ಮುಖ್ಯ ನ್ಯಾಯಾಧೀಶರಾಗಿ ಬಂದರು. 1884ರಲ್ಲಿ ಶುರುವಾಗಿದ್ದ ಈ ನ್ಯಾಯಾಲಯ ಇದ್ದದ್ದು ಬೆಂಗಳೂರಿನ ಅಠಾರಾ ಕಚೇರಿಯಲ್ಲಿ. ಈಗಿನ ಹೈಕೋರ್ಟಿನ ಅಜ್ಜ ಅನ್ನಬಹುದು. ಅಲ್ಲಿ ಅವರು ಕೊಟ್ಟ ತೀರ್ಪುಗಳನ್ನು ಇಂದು ವಕೀಲರೂ ನೆನೆಯುವುದು ಅಪರೂಪ. ಹೆಸರು ಉಳಿದದ್ದು ಕೋರ್ಟಿನ ಹೊರಗೆ ಮಾಡಿದ ಒಂದು ಕೆಲಸದಿಂದ.

ಆಗ ಸಂಸ್ಥಾನದ ಸ್ಥಿತಿ ಹೀಗಿತ್ತು. ಜನಸಂಖ್ಯೆಯಲ್ಲಿ ನೂರಕ್ಕೆ ನಾಲ್ಕರ ಆಸುಪಾಸಿನಲ್ಲಿದ್ದ ಬ್ರಾಹ್ಮಣರ ಕೈಯಲ್ಲಿ ಅರ್ಧಕ್ಕಿಂತ ಹೆಚ್ಚು ಗೆಜೆಟೆಡ್ ಹುದ್ದೆಗಳಿದ್ದವು. ಮೋಸವೇನಿಲ್ಲ, ಪರೀಕ್ಷೆ ಬರೆದೇ ಬಂದವರು. ಆದರೆ ಇಂಗ್ಲಿಷ್ ಶಾಲೆಯ ಬಾಗಿಲು ತಲೆಮಾರುಗಳಿಂದ ತೆರೆದಿದ್ದ ಮನೆಗೂ, ಹಳ್ಳಿಯಲ್ಲಿ ಶಾಲೆಯನ್ನೇ ನೋಡದ ಮನೆಗೂ ಪ್ರಶ್ನೆಪತ್ರಿಕೆ ಒಂದೇ. 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. ಮರುವರ್ಷ ಬ್ರಾಹ್ಮಣೇತರ ಮುಖಂಡರು ನಾಲ್ವಡಿ ಕೃಷ್ಣರಾಜ ಒಡೆಯರ ಬಳಿ ಅಹವಾಲು ಒಯ್ದರು. ಮಹಾರಾಜರು 1918ರಲ್ಲಿ ಸಮಿತಿ ರಚಿಸಿ ಮಿಲ್ಲರ್ ಅವರನ್ನು ಅಧ್ಯಕ್ಷರನ್ನಾಗಿ ಮಾಡಿದರು. ಜಾಣ ಆಯ್ಕೆ. ಇಲ್ಲಿನ ಯಾವ ಜಾತಿಗೂ ಸೇರದ, ಎರಡೂ ಕಡೆಯ ವಾದ ಕೇಳುವುದನ್ನೇ ಕಸುಬು ಮಾಡಿಕೊಂಡಿದ್ದ ಮನುಷ್ಯ ಅವರು.

ವರದಿ 1919ರಲ್ಲಿ ಬಂತು. ಇಂಗ್ಲಿಷ್ ಅಕ್ಷರಸ್ಥರು ನೂರಕ್ಕೆ ಐದಕ್ಕಿಂತ ಕಡಿಮೆ ಇರುವ ಸಮುದಾಯ ಹಿಂದುಳಿದದ್ದು ಎಂಬುದು ಅದರ ಅಳತೆಗೋಲು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಕನಿಷ್ಠ ಅರ್ಧ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣೇತರರಿಗೆ ಸಿಗಬೇಕು. ಜೊತೆಗೆ ವಿದ್ಯಾರ್ಥಿವೇತನ, ಹಾಸ್ಟೆಲ್ ಸೌಲಭ್ಯ. ನನಗೆ ಇವೆಲ್ಲಕ್ಕಿಂತ ಹಿಡಿಸಿದ್ದು ಇನ್ನೊಂದು ಮಾತು. ಅಧಿಕಾರಿಯ ದಕ್ಷತೆಯನ್ನು ಬರೀ ಪರೀಕ್ಷೆಯ ಅಂಕದಿಂದ ಅಳೆಯಲಾಗದು ಎಂದು ವರದಿ ಹೇಳಿತು. ಹೇಳಿದ್ದು ಯಾರ ಅಧ್ಯಕ್ಷತೆಯಲ್ಲಿ? ಐಸಿಎಸ್ ಸೇರಿದ್ದವರ ಅಧ್ಯಕ್ಷತೆಯಲ್ಲಿ. ಫೇಲಾದವರು ಪರೀಕ್ಷೆಯನ್ನು ಬೈದರೆ ಹೊಟ್ಟೆಕಿಚ್ಚು ಅನ್ನಬಹುದು. ಇವರಿಗೆ ಹಾಗನ್ನುವುದು ಹೇಗೆ? ಸಮಿತಿಯಲ್ಲಿದ್ದ ಬ್ರಾಹ್ಮಣ ಸದಸ್ಯರು ಭಿನ್ನಮತ ಬರೆದರು.

ಸೆಪ್ಟೆಂಬರ್ 15ರಂದು ಎಂಜಿನಿಯರಿಂಗ್ ಕಾಲೇಜುಗಳಲ್ಲೆಲ್ಲ ಹಾರ ಹಾಕುವ ವಿಶ್ವೇಶ್ವರಯ್ಯನವರು ಆಗ ದಿವಾನರು. ಈ ನೀತಿ ಅವರಿಗೆ ಒಪ್ಪಿಗೆಯಾಗಲಿಲ್ಲ. 1918ರ ಕೊನೆಗೆ ದಿವಾನಗಿರಿ ಬಿಟ್ಟು ಹೋದರು. ಎಂಜಿನಿಯರ್ಸ್ ಡೇ ಭಾಷಣಗಳಲ್ಲಿ ಅಣೆಕಟ್ಟು, ಭದ್ರಾವತಿ, ವಿಶ್ವವಿದ್ಯಾಲಯ ಎಲ್ಲ ಬರುತ್ತವೆ, ಇದೊಂದು ಬರುವುದಿಲ್ಲ. ಹಾಗೆಂದು ಅವರನ್ನು ಜಾತಿವಾದಿ ಎಂದುಬಿಡುವ ವಾಟ್ಸ್ಆ್ಯಪ್ ಫಾರ್ವರ್ಡುಗಳನ್ನೂ ನಾನು ಒಪ್ಪುವುದಿಲ್ಲ. ಮೊದಲು ಎಲ್ಲರಿಗೂ ವಿದ್ಯೆ ಕೊಡೋಣ, ಹುದ್ದೆ ತಾನಾಗಿ ಬರುತ್ತದೆ ಎಂಬುದು ಅವರ ನಂಬಿಕೆ. ನಂಬಿಕೆ ಪ್ರಾಮಾಣಿಕವೇ. ಆದರೆ ಅಷ್ಟರಲ್ಲಿ ಇನ್ನೊಂದು ತಲೆಮಾರು ಕಚೇರಿಯ ಹೊರಗೇ ನಿಂತಿರುತ್ತಿತ್ತು. ಈ ಜಗಳದಲ್ಲಿ ನಾನು ಮಿಲ್ಲರ್ ಕಡೆ.

ಅವರ ವರದಿಯಲ್ಲಿ ತೂತಿಲ್ಲವೆಂದಲ್ಲ. ಬ್ರಾಹ್ಮಣರನ್ನು ಬಿಟ್ಟು ಹೆಚ್ಚುಕಡಿಮೆ ಉಳಿದವರನ್ನೆಲ್ಲ ಒಂದೇ ಬುಟ್ಟಿಗೆ ಹಾಕಿದ್ದರಿಂದ, ಜಮೀನು, ಸಂಖ್ಯೆ ಎರಡೂ ಇದ್ದ ದೊಡ್ಡ ಸಮುದಾಯಗಳು ಮೊದಲು ಮೇಲೆ ಬಂದವು. ದಲಿತರು ಮತ್ತು ಸಣ್ಣ ಕಸುಬಿನ ಜಾತಿಗಳವರು ಬುಟ್ಟಿಯ ತಳದಲ್ಲೇ ಉಳಿದರು. ಆ ಬುಟ್ಟಿಯನ್ನು ಸರಿಯಾಗಿ ವಿಂಗಡಿಸಲು 1970ರ ದಶಕದಲ್ಲಿ ದೇವರಾಜ ಅರಸು ಮತ್ತು ವಕೀಲ ಎಲ್.ಜಿ. ಹಾವನೂರ ಬರಬೇಕಾಯಿತು. ನಡುವೆ 1962ರಲ್ಲಿ, ನಮ್ಮ ರಾಜ್ಯವು ಮೆಡಿಕಲ್, ಎಂಜಿನಿಯರಿಂಗ್ ಸೀಟುಗಳಲ್ಲಿ ಶೇ 68ರಷ್ಟನ್ನು ಮೀಸಲಿಟ್ಟ ಆದೇಶವನ್ನು ಸುಪ್ರೀಂ ಕೋರ್ಟ್ ಬಾಲಾಜಿ ಪ್ರಕರಣದಲ್ಲಿ ತಳ್ಳಿಹಾಕಿತು. ಮೀಸಲಾತಿ ಸಾಮಾನ್ಯವಾಗಿ ಶೇ 50 ದಾಟಬಾರದು ಎಂಬ ಮಾತು ದೇಶಕ್ಕೆಲ್ಲ ಹೋದದ್ದು ಇಲ್ಲಿಂದಲೇ. ಹಾಸ್ಟೆಲ್ ರೂಮಿನಲ್ಲಿ ಕೌನ್ಸೆಲಿಂಗ್ ಸಮಯಕ್ಕೆ ಎದ್ದು ನಿಲ್ಲುವ ವಾದಗಳು ಬಹುಪಾಲು ಇವೇ, ಹೆಸರುಗಳನ್ನು ಬಿಟ್ಟು.

ದಿವಾನರಾಗಿ ವಿಶ್ವೇಶ್ವರಯ್ಯನವರ ನಂತರ ಬಂದವರು ಕಾಂತರಾಜ ಅರಸರು. ಅವರ ಕಾಲದಲ್ಲಿ, 1921ರಲ್ಲಿ, ಮಿಲ್ಲರ್ ಶಿಫಾರಸುಗಳನ್ನು ಒಪ್ಪಿ ಸರ್ಕಾರಿ ಆದೇಶ ಹೊರಟಿತು. ಮರುವರ್ಷ ಮಿಲ್ಲರ್ ನಿವೃತ್ತರಾದರು. ತೀರಿಕೊಂಡದ್ದು 1925ರ ಫೆಬ್ರವರಿಯಲ್ಲಿ. ಆದೇಶದಿಂದ ಎಣಿಸಿದರೆ ಏಳು ವರ್ಷದ ಗಡುವು ಮುಗಿಯಲು ಆಗಿನ್ನೂ ಮೂರು ವರ್ಷ ಬಾಕಿಯಿತ್ತು.