ಉಕ್ಕಿನ ಒಡಲನ್ನು ಕಂಡ ಸಾರ್ಬಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಸೀಮೆ ಸುಣ್ಣಕಲ್ಲಿಗೆ ಹೆಸರಾದುದು. ನೆಲಕ್ಕೆ ಹಾಸುವ ಶಹಾಬಾದಿ ಕಲ್ಲೂ ಸುಣ್ಣಕಲ್ಲೇ. ಇಂತಹ ಕಲ್ಲುಗಳ ಒಳರಚನೆಯನ್ನು ಸೂಕ್ಷ್ಮದರ್ಶಕದಿಂದ ಅರಿಯುವ ವಿದ್ಯೆಯನ್ನು ಬೆಳೆಸಿ, ಅದೇ ದಾರಿಯಲ್ಲಿ ಉಕ್ಕಿನ ಗುಟ್ಟನ್ನೂ ಬಯಲು ಮಾಡಿದವನು ಇಂಗ್ಲೆಂಡಿನ ಹೆನ್ರಿ ಕ್ಲಿಫ್ಟನ್ ಸಾರ್ಬಿ.

ಆತನು 1826ರಲ್ಲಿ ಶೆಫೀಲ್ಡ್ ನಗರದ ಬಳಿ, ಉಕ್ಕಿನ ಹತಾರಗಳನ್ನು ತಯಾರಿಸುವ ಮನೆತನದಲ್ಲಿ ಜನಿಸಿದನು. ಪಿತ್ರಾರ್ಜಿತ ಸಂಪತ್ತನ್ನು ಭೋಗಕ್ಕೆ ಬಳಸದೆ ವಿಜ್ಞಾನಕ್ಕೆ ಮುಡಿಪಿಟ್ಟನು. ಕಲ್ಲನ್ನು ಬೆಳಕು ತೂರುವಷ್ಟು ತೆಳುವಾಗಿ ಉಜ್ಜಿ ಪರೀಕ್ಷಿಸಿದನು. ಬೆಟ್ಟವನ್ನು ಸೂಕ್ಷ್ಮದರ್ಶಕದಲ್ಲಿ ನೋಡಹೊರಟವನೆಂದು ಹಲವರು ನಕ್ಕರು, ಆತನು ಕುಗ್ಗಲಿಲ್ಲ.

ಉಕ್ಕಿನಲ್ಲಿ ಬೆಳಕು ತೂರದು. ಆದುದರಿಂದ 1863ರಲ್ಲಿ ಸಾರ್ಬಿ ಅದರ ಮೈಯನ್ನು ಕನ್ನಡಿಯಂತೆ ನಯಗೊಳಿಸಿ, ತಿಳಿಯಾದ ಆಮ್ಲವನ್ನು ಸೋಕಿಸಿ, ಪ್ರತಿಫಲಿಸಿದ ಬೆಳಕಿನಲ್ಲಿ ನೋಡಿದನು. ಲೋಹದ ಹರಳುಗಳು ಕಂಡವು; ಮೆದುಕಬ್ಬಿಣದಲ್ಲಿ ಅವುಗಳ ನಡುವೆ ಸಿಲುಕಿದ ಕಿಟ್ಟವೂ ಕಂಡಿತು. 1864ರಲ್ಲಿ ಇದನ್ನು ವಿದ್ವಾಂಸರ ಮುಂದಿಟ್ಟಾಗ ಉದ್ಯಮಿಗಳು ಲಕ್ಷಿಸಲಿಲ್ಲ. ಮುರಿದ ರೈಲುಕಂಬಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿರೆಂದವನು ಅಂದು ಹುಚ್ಚನೆನಿಸುತ್ತಿದ್ದನು. ಮನ್ನಣೆ ದೊರೆತುದು ಇಪ್ಪತ್ತು ವರ್ಷಗಳ ತರುವಾಯ.

1908ರಲ್ಲಿ ಸಾರ್ಬಿ ನಿಧನನಾದನು. ಉಕ್ಕಿನಲ್ಲಿ ಉಳಿದ ಆಕ್ಸೈಡು, ಸಲ್ಫೈಡುಗಳ ಕಣಗಳನ್ನು ಇಂದು ಆತನು ತೋರಿದ ರೀತಿಯಲ್ಲೇ ನಯಗೊಳಿಸಿ ನೋಡಿ, ಎಣಿಸಿ, ಅಳೆಯುತ್ತಾರೆ. ಕಣ್ಣಿಗೆ ಕಾಣದ ಅಂತಹ ಒಂದು ಕಣದಿಂದಲೇ ಬಿರುಕು ಮೊದಲಾಗಿ, ಕಂಬಿ ಮುರಿದು, ಪ್ರಾಣಹಾನಿಯಾಗಬಹುದು. ಕಿರಿದೆಂದು ಯಾವುದನ್ನೂ ಕಡೆಗಣಿಸದ ಸಾರ್ಬಿಯ ದೃಷ್ಟಿ ಅನೇಕರ ಜೀವಕ್ಕೆ ಕಾವಲಾಯಿತು.