ನೀರ್ ಸಾಬ್

ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ಮಳೆ ಭೋರ್ಗರೆದು ಸುರಿಯುತ್ತದೆ; ಆದರೂ ಬೇಸಗೆಯ ಕೊನೆಗೆ ಎಷ್ಟೋ ಬಾವಿಗಳ ತಳ ಕಾಣುತ್ತದೆ. ಬಯಲುಸೀಮೆಯ ಪಾಡು ಇನ್ನೂ ಕಠಿಣ. ಗುಂಡ್ಲುಪೇಟೆಯವರಾದ ಅಬ್ದುಲ್ ನಜೀರ್ ಸಾಬ್ ಅದನ್ನು ಬಲ್ಲವರು. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಸಂಪುಟ ಸೇರಿ ಗ್ರಾಮೀಣಾಭಿವೃದ್ಧಿ ಸಚಿವರಾದ ಅವರು ಹಳ್ಳಿಹಳ್ಳಿಗಳಲ್ಲಿ ಕೊಳವೆಬಾವಿ ಕೊರೆಸಿದರು. ಜನರು ಪ್ರೀತಿಯಿಂದ ಅವರನ್ನು ನೀರ್ ಸಾಬ್ ಎಂದೇ ಕರೆದರು.

ಆದರೆ ಕೈಪಂಪು ಕೆಟ್ಟಾಗಲೆಲ್ಲ ದೂರದ ಕಚೇರಿಗೆ ಅಲೆಯಬೇಕಾದರೆ, ಬಂದ ನೀರೂ ಬಾರದಂತೆಯೇ ಸರಿ. ನಿರ್ಧರಿಸುವ ಅಧಿಕಾರವೇ ಹಳ್ಳಿಗೆ ಬರಬೇಕೆಂಬುದು ಅವರ ನಿಲುವಾಗಿತ್ತು. ಅದಕ್ಕಾಗಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳ ಶಾಸನ ರೂಪುಗೊಂಡಿತು. ರಾಷ್ಟ್ರಪತಿಗಳ ಅಂಕಿತ ದೊರೆತದ್ದು 1985ರಲ್ಲಿ. ಚುನಾವಣೆ ನಡೆದದ್ದು 1987ರಲ್ಲಿ. ಸ್ಥಾನಗಳಲ್ಲಿ ನಾಲ್ಕನೆಯ ಒಂದು ಪಾಲು ಸ್ತ್ರೀಯರಿಗೆ ಮೀಸಲಾಯಿತು.

ಓದುಬರಹ ಬಾರದ ಊರವರು ಇಷ್ಟು ಹೊಣೆ ಹೊರಬಲ್ಲರೇ ಎಂದು ಶಂಕಿಸಿದವರೂ ಇದ್ದರು. ಅವರು ಕುಮಟಾದ ಹಳಕಾರ ಗ್ರಾಮವನ್ನೊಮ್ಮೆ ನೋಡಿ ಬರಬಹುದಿತ್ತು! ಅಲ್ಲಿಯ ಜನರು 1920ರ ದಶಕದಿಂದಲೇ ಗ್ರಾಮಾರಣ್ಯ ಪಂಚಾಯತಿ ಕಟ್ಟಿಕೊಂಡು, ತಾವೇ ಕಾವಲುಗಾರನನ್ನಿಟ್ಟು, ಸೌದೆ ತರಗೆಲೆಗಳನ್ನು ಹಂಚಿಕೊಳ್ಳುತ್ತ ಕಾಡನ್ನು ಉಳಿಸಿಕೊಂಡು ಬಂದಿದ್ದರು.

ಪರಿಷತ್ತುಗಳಿಗೆ ಎರಡು ವರ್ಷ ತುಂಬುವ ಮೊದಲೇ, 1988ರಲ್ಲಿ, ನಜೀರ್ ಸಾಬರು ಕ್ಯಾನ್ಸರ್ ರೋಗದಿಂದ ತೀರಿಕೊಂಡರು. ಸದಸ್ಯರ ಅವಧಿ ಮುಗಿದಾಗ ಹೊಸ ಚುನಾವಣೆ ನಡೆಯಲಿಲ್ಲ. 1992ರಲ್ಲಿ ಆಡಳಿತಾಧಿಕಾರಿಗಳು ಬಂದು ಕುಳಿತರು. 1993ರಲ್ಲಿ ಸಂವಿಧಾನದ 73ನೆಯ ತಿದ್ದುಪಡಿ ಜಾರಿಗೆ ಬಂದಿತು. ಐದು ವರ್ಷಕ್ಕೊಮ್ಮೆ ಪಂಚಾಯತಿ ಚುನಾವಣೆ ದೇಶಕ್ಕೆಲ್ಲ ಕಡ್ಡಾಯವಾಯಿತು. ಸ್ತ್ರೀಯರ ಪಾಲು ಮೂರನೆಯ ಒಂದಕ್ಕೆ ಏರಿತು.