ಪ್ಲೇಗಿನೆದುರು ನಿಂತ ವೈದ್ಯ

1910ರ ಡಿಸೆಂಬರ್ 24ರಂದು ಮಂಚೂರಿಯದ ಹಾರ್ಬಿನ್ ನಗರದಲ್ಲಿ ಮೂವತ್ತೊಂದು ವರ್ಷದ ವೈದ್ಯರೊಬ್ಬರು ರೈಲಿನಿಂದಿಳಿದರು. ಜೊತೆಗೆ ಒಬ್ಬ ಶಿಷ್ಯ, ಒಂದು ಸೂಕ್ಷ್ಮದರ್ಶಕ. ಊರಿನಲ್ಲಿ ಜನ ರಕ್ತ ಕೆಮ್ಮುತ್ತ ಒಂದೆರಡು ದಿನಗಳಲ್ಲೇ ಸಾಯುತ್ತಿದ್ದರು. ಆ ಮೃತ್ಯುವಿನ ಕಾರಣವನ್ನು ಹುಡುಕಲು ಚೀನಾ ಸರ್ಕಾರವು ಕಳುಹಿಸಿದ ಈ ತರುಣರೇ ಡಾಕ್ಟರ್ ವೂ ಲಿಯನ್-ತೆ.

ವೂ ಅವರು 1879ರಲ್ಲಿ ಮಲಯದ ಪೆನಾಂಗ್ ದ್ವೀಪದಲ್ಲಿ ಜನಿಸಿದರು. ತಂದೆ ಚೀನಾದಿಂದ ವಲಸೆ ಬಂದ ಅಕ್ಕಸಾಲಿಗರು. ವಿದ್ಯಾರ್ಥಿವೇತನದ ಬಲದಿಂದ 1896ರಲ್ಲಿ ಕೇಂಬ್ರಿಜ್‌ಗೆ ಹೋಗಿ ವೈದ್ಯರಾದ ವೂ, ಮುಂದೆ ಚೀನಾದ ಟಿಯೆನ್‌ಟ್ಸಿನ್ ನಗರದ ಸೈನಿಕ ವೈದ್ಯ ಕಾಲೇಜನ್ನು ಸೇರಿದರು.

ಶವವನ್ನು ಕೊಯ್ದು ಪರೀಕ್ಷಿಸುವುದು ಅಂದಿನ ಚೀನಾದ ಸಂಪ್ರದಾಯಕ್ಕೆ ವಿರುದ್ಧವಾಗಿತ್ತು. ಆದರೂ ವೂ ಅವರು ಮೃತಳಾದ ಒಬ್ಬ ಜಪಾನೀ ಮಹಿಳೆಯ ದೇಹವನ್ನು ಗುಟ್ಟಾಗಿ ಪರೀಕ್ಷಿಸಿ, ಅದರಲ್ಲಿ ಪ್ಲೇಗಿನ ರೋಗಾಣುಗಳನ್ನು ಕಂಡರು. ಆದರೆ 1898ರಲ್ಲಿ ನಮ್ಮ ಬೆಂಗಳೂರನ್ನು ನಡುಗಿಸಿದ ಗೆಡ್ಡೆಯ ಪ್ಲೇಗಿನಂಥದಲ್ಲ ಇದು. ಅದನ್ನು ಹರಡುವುದು ಇಲಿಯ ಮೈಮೇಲಿನ ಚಿಗಟ. ಇದಾದರೋ ಶ್ವಾಸಕೋಶವನ್ನೇ ಹಿಡಿದು, ರೋಗಿಯ ಕೆಮ್ಮಿನ ತುಂತುರಿನಿಂದ ಎದುರಿಗಿದ್ದವನ ಉಸಿರನ್ನು ಸೇರುತ್ತಿತ್ತು. ತುಪ್ಪುಳಿಗಾಗಿ ಮಾರ್ಮಟ್ ಎಂಬ ಬಿಲಪ್ರಾಣಿಯನ್ನು ಬೇಟೆಯಾಡುವವರಲ್ಲಿ ಹುಟ್ಟಿದ ರೋಗವು, ಚಳಿಗೆ ಬಾಗಿಲು ಮುಚ್ಚಿಕೊಂಡ ಕಿಕ್ಕಿರಿದ ತಂಗುಮನೆಗಳಲ್ಲಿ ಬೆಳೆದು, ರೈಲುಹಾದಿಯುದ್ದಕ್ಕೂ ವ್ಯಾಪಿಸಿತು.

ವೂ ಕಂಡುಕೊಂಡ ಉಪಾಯ ಅತಿ ಸರಳವಾದುದು. ಮೂರಡಿ ಉದ್ದದ ಗಾಜ್ ಬಟ್ಟೆಯನ್ನು ಮಡಿಸಿ, ನಡುವೆ ಹತ್ತಿಯನ್ನಿಟ್ಟು, ತುದಿಗಳನ್ನು ಸೀಳಿ ತಲೆಯ ಹಿಂದೆ ಕಟ್ಟಿಕೊಳ್ಳುವ ಮುಖಗವಸು. ಅದರ ಬೆಲೆ ಕೆಲವೇ ಕಾಸು. ವೈದ್ಯರು, ಶುಶ್ರೂಷಕರು, ಹೆಣ ಹೊರುವವರು ಮಾತ್ರವಲ್ಲದೆ ಊರಿನವರೂ ಅದನ್ನು ಧರಿಸಬೇಕೆಂದು ಅವರು ಬಯಸಿದರು. ಈ ದಿನ ಗಟ್ಟಿಮುಟ್ಟಾಗಿ ತೋರುವವನಲ್ಲಿಯೂ ರೋಗ ಅಡಗಿರಬಹುದು. ಅವನಿಗೇ ಅರಿವಿಲ್ಲದಿರುವಾಗ ನೆರೆಯವನು ಅವನಿಂದ ದೂರ ನಿಲ್ಲುವುದಾದರೂ ಹೇಗೆ?

ಎಲ್ಲರೂ ಇದನ್ನು ಒಪ್ಪಲಿಲ್ಲ. ಟಿಯೆನ್‌ಟ್ಸಿನ್‌ನಿಂದ ಬಂದ ಫ್ರೆಂಚ್ ವೈದ್ಯ ಮೆಸ್ನಿ ವಯಸ್ಸಿನಲ್ಲಿಯೂ ಅನುಭವದಲ್ಲಿಯೂ ಹಿರಿಯರು. ಪ್ಲೇಗು ಉಸಿರಿನಿಂದ ಹರಡುವುದೆಂಬ ಈ ಕಿರಿಯನ ಮಾತು ಅವರಿಗೆ ರುಚಿಸಲಿಲ್ಲ. ವೂ ಮನನೊಂದು ರಾಜೀನಾಮೆ ಕಳುಹಿಸಿದರು. ಸರ್ಕಾರ ಅದನ್ನು ಸ್ವೀಕರಿಸಲಿಲ್ಲ. ಮೆಸ್ನಿಯವರು ಮುಖಗವಸಿಲ್ಲದೆಯೇ ರಷ್ಯನ್ ಆಸ್ಪತ್ರೆಯಲ್ಲಿ ರೋಗಿಗಳನ್ನು ಪರೀಕ್ಷಿಸಿದರು. 1911ರ ಜನವರಿ 11ರಂದು ಅದೇ ಪ್ಲೇಗಿಗೆ ಬಲಿಯಾದರು. ಸೇವೆಗೆಂದು ಬಂದ ಆ ಧೈರ್ಯಶಾಲಿಯನ್ನು ಹಳಿಯುವುದು ಸಲ್ಲದು. ಆದರೆ ವೂ ಅವರ ವಾದದಿಂದಾಗದ ಕೆಲಸವನ್ನು ಆ ಸಾವು ಮಾಡಿತು. ಕೆಲವೇ ದಿನಗಳಲ್ಲಿ ಹಾರ್ಬಿನ್ನಿನ ಬೀದಿಗಳಲ್ಲಿ ಮುಖಗವಸಿಲ್ಲದವರನ್ನು ಕಾಣುವುದೇ ಅಪರೂಪವಾಯಿತು.

ಇನ್ನೊಂದು ಸಂಕಟ ಉಳಿದಿತ್ತು. ನೆಲ ಹೆಪ್ಪುಗಟ್ಟಿ ಗುಂಡಿ ತೋಡಲಾಗದೆ, ಎರಡು ಸಾವಿರಕ್ಕೂ ಹೆಚ್ಚು ಶವಗಳು ಸ್ಮಶಾನದಲ್ಲಿ ಬಿದ್ದಿದ್ದವು. ಹಿರಿಯರನ್ನು ಮಣ್ಣಿಗಿಡುವುದೇ ಧರ್ಮವೆಂದು ನಂಬಿದವರಿಗೆ ದಹನ ಸಹಿಸಲಾಗದ ಮಾತು. ಇದನ್ನು ಬಲ್ಲ ವೂ ಅವರು ಚಕ್ರವರ್ತಿಯ ಅಪ್ಪಣೆಯನ್ನು ಬೇಡಿ ಪಡೆದರು. ಚೀನೀಯರ ಹೊಸ ವರ್ಷದ ಮರುದಿನ, ಜನವರಿ 31ರಂದು, ಚಿತೆಗಳಿಗೆ ಬೆಂಕಿಯಿಡಲಾಯಿತು. ರೋಗಿಗಳ ಒಡನಾಟದಲ್ಲಿದ್ದವರನ್ನು ರೈಲಿನ ಸರಕುಡಬ್ಬಿಗಳಲ್ಲಿ ಪ್ರತ್ಯೇಕವಾಗಿರಿಸಲಾಯಿತು. ಸೈನಿಕರು ಜನರ ಓಡಾಟವನ್ನು ತಡೆದರು. ಮಾರ್ಚ್ ಮೊದಲ ದಿನ ಹಾರ್ಬಿನ್ನಿನಲ್ಲಿ ಕೊನೆಯ ರೋಗಿ ಕಂಡುಬಂದನು. ಅಷ್ಟರೊಳಗೆ ಮಂಚೂರಿಯ ಪ್ರಾಂತದಲ್ಲಿ ಸುಮಾರು 60,000 ಜನ ಮಡಿದಿದ್ದರು.

ಏಪ್ರಿಲ್‌ನಲ್ಲಿ ಮುಕ್ಡೆನ್ ನಗರದಲ್ಲಿ ಹನ್ನೊಂದು ರಾಷ್ಟ್ರಗಳ ವೈದ್ಯರು ಸೇರಿದ ಪ್ಲೇಗ್ ಸಮ್ಮೇಳನಕ್ಕೆ ವೂ ಅವರೇ ಅಧ್ಯಕ್ಷರಾದರು. 1920ರಲ್ಲಿ ರೋಗ ಮರಳಿ ಬಂದಾಗ ಅವರು ಕಟ್ಟಿದ್ದ ಪ್ಲೇಗ್ ನಿವಾರಣಾ ಸಂಸ್ಥೆ ಸಿದ್ಧವಾಗಿತ್ತು. ಸತ್ತವರ ಸಂಖ್ಯೆ ಮೊದಲಿಗಿಂತ ಬಹಳ ಕಡಿಮೆಯಾಯಿತು. ಜಪಾನೀಯರು ಚೀನಾದ ಮೇಲೆ ದಂಡೆತ್ತಿ ಬಂದ 1937ರಲ್ಲಿ ಅವರು ಮಲಯಕ್ಕೆ ಹಿಂದಿರುಗಿ, ಇಪೋ ಪಟ್ಟಣದಲ್ಲಿ ಸಾಧಾರಣ ವೈದ್ಯರಂತೆ ಚಿಕಿತ್ಸೆ ನೀಡುತ್ತ ಬಾಳಿದರು. ತಾವು ಹುಟ್ಟಿದ ಪೆನಾಂಗಿನಲ್ಲಿಯೇ 1960ರ ಜನವರಿ 21ರಂದು ತೀರಿಕೊಂಡರು.